ಸೊನ್ನೆ ಹಾಕಿದರೂ ಹೊಂದುತ್ತದೆ

"ಐದು ವರ್ಷ ಇದನ್ನ ಮಾಡೀರೇನ್ರಿ ನೀವು? ಇದರೊಳಗ ಸೊನ್ನಿ ಹಾಕಿ ನೋಡ್ರಿ, ಹೊಂದತೈತಿ. ನಮ್ಮ ಮನಿ ಎಮ್ಮಿನ್ನ ತಂದು ಈ ಬೋರ್ಡಿನ ಮುಂದ ನಿಲ್ಲಿಸಿದ್ರ ಬಾಲದಿಂದ ಇಷ್ಟು ಉತ್ತರ ಬರದು ಹೋಗ್ತಿತ್ತು" ಎಂದು ಹೊರಗಿನ ಪರೀಕ್ಷಕರಾಗಿ ಬಂದ ನಂದಕಿಶೋರ ಸರ್ ಹೇಳಿದಾಗ ಮೊದಲು ನಕ್ಕವರು ಹಿಂದಿನ ಸಾಲಿನ ಎಂ.ಎಸ್ಸಿ. ಹುಡುಗರು. ಆಮೇಲೆ ನಗು ಬೆಂಚಿನಿಂದ ಬೆಂಚಿಗೆ ಮುಂದಕ್ಕೆ ಬಂತು. ಎದುರಿನ ಸಾಲಿನ ಮಾಸ್ತರರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಮರ್ಯಾದಸ್ಥರಲ್ಲವೇ. ಬೋರ್ಡಿನ ಪಕ್ಕ ನಿಂತಿದ್ದ ಯಲ್ಲಾಲಿಂಗನ ಕೈಯಿಂದ ಸೀಮೆಸುಣ್ಣವನ್ನು ನಂದಕಿಶೋರ ಸರ್ ತಾವೇ ತೆಗೆದುಕೊಂಡರು, ಮಗುವಿನ ಕೈಯಿಂದ ಚಾಕು ತೆಗೆದುಕೊಳ್ಳುವ ಹಾಗೆ, ಬಲು ಮೆತ್ತಗೆ. ಅವನ ಸಮೀಕರಣದಲ್ಲಿ ಪರಿಹಾರ ಇರಬೇಕಾದ ಕಡೆಯೆಲ್ಲ ದುಂಡಗೆ ಒಂದೊಂದು ಸೊನ್ನೆ ಬರೆದರು. ಎಡಗಡೆಯದು ಸೊನ್ನೆಯಾಯಿತು, ಬಲಗಡೆಯದು ಸೊನ್ನೆಯಾಯಿತು, ಅಂಚಿನಲ್ಲಿ ಮೊದಲೇ ಸೊನ್ನೆ. "ಆತಲ್ಲ? ಕನಿಷ್ಠ ಒಂದು ಪರಿಹಾರ ಐತಿ ಅಂತ ಬರದೀರಿ. ಐತಿ. ಸುಳ್ಳಂತ ನಾ ಹೇಳಂಗಿಲ್ಲ. ಬಗಲಾಗ ಕೂಸು ಇಟ್ಕೊಂಡು ಊರೆಲ್ಲಾ ಡಂಗುರ ಹೊಡಿಸೀರಿ, ಅಷ್ಟ." ಮತ್ತೆ ನಗು. ಎರಡನೆಯ ಸಾಲಿನಲ್ಲಿ ಕೂತ, ಅವನ ಹಿಂದೆಯೇ ಪಿಎಚ್.ಡಿ. ಮಾಡುತ್ತಿದ್ದ ಕಾವ್ಯಾ ಮಾತ್ರ ನಗಲಿಲ್ಲ. ಅವಳು ಬೋರ್ಡು ನೋಡುತ್ತಿದ್ದಳು. ಅವಳ ಪೆನ್ನು ಕಾಗದದ ಮೇಲೆ ಒಂದೇ ಕಡೆ ನಿಂತು, ಶಾಯಿ ಹರಡಿ ಮಚ್ಚೆಯಾಗುತ್ತಿತ್ತು. ಯಲ್ಲಾಲಿಂಗ ಅದನ್ನು ಅಷ್ಟು ದೂರದಿಂದಲೂ ಕಂಡ.

ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮುಂಚಿನ ಕಡೆಯ ಸೆಮಿನಾರು ಅದು. ತೊರವಿಯ ಹೊರಗೆ ಬಯಲಿನಲ್ಲಿ ಎದ್ದು ನಿಂತ ಆ ಸಂಶೋಧನ ಕೇಂದ್ರದಲ್ಲಿ ಇದನ್ನು ದಾಟಿದರೆ ಮನುಷ್ಯ ಡಾಕ್ಟರ್ ಆದ ಹಾಗೆಯೇ ಲೆಕ್ಕ. ಅವನ ವಿಷಯದ ಹೆಸರು ಬರೆದರೆ ಒಂದೂವರೆ ಸಾಲು: ನಾನ್‌ಲೀನಿಯರ್ ಎಲಿಪ್ಟಿಕ್ ಬೌಂಡರಿ ವ್ಯಾಲ್ಯೂ ಪ್ರಾಬ್ಲಮ್ಮುಗಳಿಗೆ ಪರಿಹಾರದ ಅಸ್ತಿತ್ವ. ಹೆಸರು ಕೇಳಿ ಹೆದರುವಂಥದ್ದೇನಿಲ್ಲ. ಒಂದು ಜಾಗ ಇದೆ, ಅದಕ್ಕೊಂದು ಅಂಚು ಇದೆ. ಅಂಚಿನಲ್ಲಿ ಶಾಖವನ್ನು ಸೊನ್ನೆಗೆ ಕಟ್ಟಿಹಾಕಿದೆ. ಒಳಗೆ ಶಾಖ ತಾನೇ ಹುಟ್ಟುತ್ತದೆ, ಎಷ್ಟು ಹುಟ್ಟಬೇಕೆಂಬುದು ಅಲ್ಲಿ ಆಗಲೇ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಹೀಗೆ ಒಳಗೆ ಹುಟ್ಟುತ್ತ, ಅಂಚಿನಲ್ಲಿ ಸೋರುತ್ತ, ಎಲ್ಲ ಸೇರಿ ಒಂದು ಸ್ಥಿತಿಗೆ ಬಂದು ನೆಲೆಗೊಳ್ಳುತ್ತದೆಯೇ? ಎಷ್ಟಕ್ಕೆ ನೆಲೆಗೊಳ್ಳುತ್ತದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ನೆಲೆಗೊಂಡ ಸ್ಥಿತಿ ಎಂಬುದೊಂದು ಇದೆಯೇ ಎಂದಷ್ಟೇ ಕೇಳುತ್ತಾರೆ. ಟಿಕೋಟಾದ ಮನೆಯಲ್ಲಿ ಒಮ್ಮೆ ಅಣ್ಣ ಗುರಣ್ಣ ಊಟಕ್ಕೆ ಕೂತವನು ಕೇಳಿದ್ದ, "ಅಲ್ಲೋ ತಮ್ಮಾ, ಇಷ್ಟು ದಿವಸ ಆತು, ಲೆಕ್ಕದ ಉತ್ತರ ಎಷ್ಟು ಬಂತು?" "ಎಷ್ಟು ಅಂತ ಅಲ್ಲೋ ಅಣ್ಣಾ, ಉತ್ತರ ಐತಿ ಅಂತ." ಗುರಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಹಂಗಂದ್ರ ಅಂಗೈ ಮ್ಯಾಲ ತೆಂಗಿನಕಾಯಿ ಇಟ್ಕೊಂಡು ಬೋರಿನ ನೀರು ತೋರಸಾಂವ ಬರ್ತಾನಲ್ಲ, ಅಂವನಂಗ. ಇಲ್ಲಿ ನೀರೈತಿ ಅಂತಾನ, ಎಷ್ಟು ಫೂಟಿಗೆ ಅಂತ ಕೇಳಿದ್ರ ಸಿಟ್ಟಿಗೇಳ್ತಾನ" ಎಂದ. ಮನೆಯವರೆಲ್ಲ ನಕ್ಕಿದ್ದರು. ಅವ್ವ ರುದ್ರವ್ವ ಮಾತ್ರ ಮಗನ ಕಡೆ ನಿಂತು, "ಇಲ್ಲದ್ದನ್ನ ಐತಿ ಅಂತ ತೋರಸೂದು ಸಣ್ಣ ವಿದ್ಯೇನೋ?" ಎಂದಿದ್ದಳು. ಅವ್ವನಿಗೆ ಗೊತ್ತಿಲ್ಲದೆ ಬಾಯಿಂದ ಬಂದ ಮಾತು ಅದು. ಆ ಮಾತಿಗೆ ಆ ದಿನವೇ ಅವನು ಅರ್ಧ ಊಟಕ್ಕೇ ಎದ್ದು ಕೈ ತೊಳೆದಿದ್ದ.

ಯಾಕೆ ಎದ್ದಿದ್ದನೆಂದರೆ, ಸೊನ್ನೆಯ ಸಂಗತಿ ಅವನಿಗೆ ಆಗಲೇ ಗೊತ್ತಿತ್ತು.

ಇದನ್ನು ಯಾರಿಗೆ ಹೇಳುವುದು? ಸೆಮಿನಾರು ಮುಗಿದಿತ್ತು. ಜನ ಎದ್ದು ಪಕ್ಕದ ಕೋಣೆಗೆ ಹೊರಟಿದ್ದರು, ಯಾಕೆಂದರೆ ಅಲ್ಲಿ ಅವನದೇ ಖರ್ಚಿನ ತಿಂಡಿ ಕಾಯುತ್ತಿತ್ತು. ಇಲ್ಲಿಯ ಪದ್ಧತಿಯೇ ಹಾಗೆ: ಸೆಮಿನಾರು ಕೊಡುವವನೇ ಬಂದವರಿಗೆ ತಿನ್ನಿಸಬೇಕು, ತಾನೇ ನಿಂತು ಬಡಿಸಬೇಕು. ಪಾಸಾದವನೂ ಬಡಿಸುತ್ತಾನೆ, ಮುಖಕ್ಕೆ ಮಸಿ ಬಳಿಸಿಕೊಂಡವನೂ ಬಡಿಸುತ್ತಾನೆ. ಟಿಕೋಟಾದಿಂದ ಮಾಡಿ ತರುವುದು ದೂರವೆಂದು ಕಾವ್ಯಾಳ ಅವ್ವ ಗಾಂಧಿ ಚೌಕದ ಮನೆಯಿಂದ ಒಂದು ಡಬರಿ ತುಂಬ ಶಿರಾ ಕಳಿಸಿದ್ದಳು. ಮಿರ್ಚಿ ಭಜಿ, ಚುರುಮುರಿ ಅವನು ಕೊಂಡದ್ದು. ಎಮ್ಮೆಯ ಮಾತಿಗೆ ನಕ್ಕ ಬಾಯಿಗಳು ಈಗ ಅವನ ಭಜಿಗೆ ತೆರೆದುಕೊಂಡವು. ಒಬ್ಬ ಹುಡುಗ ಪ್ಲೇಟು ಚಾಚಿ, "ಇನ್ನೊಂದು ಹಾಕ್ರಿ ಸರ" ಎಂದ. ಆ 'ಸರ' ಎಂಬ ಶಬ್ದದಲ್ಲಿ ನಗುವಿತ್ತೋ ಇರಲಿಲ್ಲವೋ ಎಂದು ಯಲ್ಲಾಲಿಂಗ ಚಮಚ ಹಿಡಿದು ನಿಂತೇ ಯೋಚಿಸಿದ. ಎಂಟೆದೆಯ ಬಂಟನಂತೆ ಚಮಚ ಎಸೆದು, ನನಗೆ ಗೊತ್ತಿತ್ರೋ, ನಿಮಗಿಂತ ಮೊದಲೇ ಗೊತ್ತಿತ್ತು, ನಾನು ಎಮ್ಮೆಯಲ್ಲ ಎಂದು ಕೂಗಬೇಕೆನಿಸಿತು. ಕೂಗಿದರೆ ಏನಾಗುತ್ತದೆ? ಎಮ್ಮೆಯಲ್ಲ ಎಂದು ರುಜುವಾಗುತ್ತದೆ, ಕಳ್ಳ ಎಂದೂ ರುಜುವಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಯಾರೋ ಎದುರಿಗೆ ಕೂತು ಕೇಳುತ್ತಿರುವಂತೆ ಅವನಿಗೆ ದಣಿವಾಯಿತು. ಶಿರಾ ಬಡಿಸಿದ. ನಂದಕಿಶೋರ ಸರ್ ಬೆರಳಿಗಂಟಿದ ತುಪ್ಪವನ್ನು ನೋಡಿಕೊಳ್ಳುತ್ತ, "ಯಾರು ಮಾಡ್ಯಾರ ಇದನ್ನ? ಇದು ನೋಡ್ರಿ ಪರಿಹಾರ ಅಂದ್ರ, ಕಣ್ಣಿಗೆ ಕಾಣತೈತಿ" ಎಂದರು. ವಿಭಾಗದ ಮುಖ್ಯಸ್ಥರು ನಕ್ಕರು. ಅವನೂ ನಕ್ಕ. ತಾನು ನಕ್ಕದ್ದು ಕೇಳಿಸಿತು ಅವನಿಗೆ, ಬೇರೆ ಯಾರದೋ ಕೆಮ್ಮಿನ ಹಾಗೆ.

ಹೊರಗಿನಿಂದ ಬಂದ ದೊಡ್ಡವರಿಗೆ ಒಣದ್ರಾಕ್ಷಿ ಕೊಟ್ಟು ಕಳಿಸುವುದೂ ಪದ್ಧತಿಯೇ. ಟಿಕೋಟಾದಲ್ಲಿ ಅಣ್ಣ ದ್ರಾಕ್ಷಿ ಒಣಗಿಸುವ ಶೆಡ್ಡಿನ ಹಸಿರು ಒಣದ್ರಾಕ್ಷಿಯ ಡಬ್ಬಿಯನ್ನು ಹಿಡಿದು ಅವನು ಕಾರಿನವರೆಗೆ ಹೋದ. ಬಿಸಿಲು ನೆಲದಿಂದ ಮೇಲಕ್ಕೆ ಏಳುತ್ತಿತ್ತು. ನಂದಕಿಶೋರ ಸರ್ ಡಬ್ಬಿ ತೆಗೆದುಕೊಂಡು, ಬಾಗಿಲು ಹಾಕಿಕೊಳ್ಳುವ ಮುಂಚೆ ಅವನ ಭುಜದ ಮೇಲೆ ಕೈಯಿಟ್ಟರು. ಒಳಗೆ ಎಲ್ಲರೆದುರು ಇದ್ದ ಮನುಷ್ಯನೇ ಅಲ್ಲ ಇವರು. "ಬ್ಯಾಸರ ಮಾಡ್ಕೋಬ್ಯಾಡ್ರಿ. ನನ್ನ ಬಾಯಿ ಸ್ವಲ್ಪ ಹೊಲಸು. ಇಂಥಾದ್ದು ಎಲ್ಲಾರ ಕೈಯಾಗೂ ಆಗತೈತಿ, ನಾನೂ ಮಾಡೀನಿ ಹರೇದಾಗ. ಗೊತ್ತಿದ್ದು ಮಾಡಿದ್ರ ಆ ಮಾತು ಬ್ಯಾರೆ. ನೀವು ಗೊತ್ತಿಲ್ಲದ ಮಾಡೀರಿ, ತಿದ್ದಕೊಂಡ್ರ ಮುಗೀತು." ಕಾರು ಹೋಯಿತು. ಎಮ್ಮೆಯ ಮಾತು ಚರ್ಮದ ಮೇಲಿತ್ತು, ಉಜ್ಜಿದರೆ ಹೋಗುತ್ತಿತ್ತು. ಈ ಮಾತು ಎಲ್ಲಿ ಹೋಗಿ ಕೂತಿತೆಂದರೆ, ಅವನು ಗೇಟಿನ ಬಳಿ ನೆರಳೂ ಇಲ್ಲದ ಕಡೆ ಸುಮ್ಮನೆ ನಿಂತ.

ಸೊನ್ನೆಯ ಸಂಗತಿ ಅವನಿಗೆ ಗೊತ್ತಾದದ್ದು ಬಬಲೇಶ್ವರದಲ್ಲಿ. ಅಲ್ಲಿಯ ಕಾಲೇಜಿನಲ್ಲಿ ಅವನು ಅತಿಥಿ ಉಪನ್ಯಾಸಕ, ಅಂದರೆ ಅತಿಥಿಯೂ ಅಲ್ಲ, ಉಪನ್ಯಾಸಕನೂ ಅಲ್ಲ. ಎರಡು ವರ್ಷದ ಹಿಂದೆ ಒಂದು ಮುಂಜಾನೆ ಬಿ.ಎಸ್ಸಿ. ಹುಡುಗರಿಗೆ ಸಣ್ಣ ಲೆಕ್ಕ ಕೊಟ್ಟಿದ್ದ: ಒಂದು ಸಂಖ್ಯೆಯ ವರ್ಗ ಅದೇ ಸಂಖ್ಯೆಯ ಐದು ಪಟ್ಟಿಗೆ ಸಮ, ಹಾಗಾದರೆ ಸಂಖ್ಯೆ ಯಾವುದು? ಶಾಹಿಸ್ತಾ ಎಂಬ ಹುಡುಗಿ ಬೋರ್ಡಿಗೆ ಬಂದು ಎರಡೂ ಕಡೆಯಿಂದ ಆ ಸಂಖ್ಯೆಯನ್ನು ಹೊಡೆದುಹಾಕಿ, ಐದು ಎಂದು ಬರೆದು, ಸೆರಗಿನ ತುದಿಯಿಂದ ಕೈ ಒರೆಸಿಕೊಂಡಳು. ಅವನಿಗೆ ಅಂದು ಯಾಕೋ ಸಿಟ್ಟು ಬಂದಿತ್ತು, ಸಂಬಳದ್ದೋ ಬಸ್ಸಿನದ್ದೋ ನೆನಪಿಲ್ಲ. "ಸೊನ್ನಿ ಎಲ್ಲಿ ಹೋತು? ನುಂಗಿದೇನು? ಸೊನ್ನಿ ಹಾಕಿದ್ರೂ ಹೊಂದತೈತಲ್ಲ, ಕಣ್ಣು ಕುಂಡ್ಯಾಗ ಅದಾವೇನು ನಿನಗ? ಕುರಿ!" ಎಂದ. ತರಗತಿ ನಕ್ಕಿತು. ಹುಡುಗಿ ನೆಲ ನೋಡಿದಳು. ಅವಳಿಗೆ ತೋರಿಸಲೆಂದು ಅವನು ಬೋರ್ಡಿಗೆ ತಿರುಗಿ ದೊಡ್ಡದಾಗಿ ಸೊನ್ನೆ ಬರೆದ. ಬರೆಯುತ್ತಿದ್ದ ಹಾಗೆಯೇ, ವೃತ್ತ ಕೂಡುವುದಕ್ಕೆ ಮುಂಚೆ, ಕೈ ನಿಂತಿತು. ಅವನ ಪ್ರಮೇಯದಲ್ಲಿ ಒಂದು ಷರತ್ತು ಇತ್ತು: ಒಳಗೆ ಹುಟ್ಟುವುದು ಅಲ್ಲಿರುವುದರ ಒಂದು ಪಾಲನ್ನು ಮೀರಬಾರದು. ಹಾಗೆ ಕಟ್ಟು ಹಾಕದಿದ್ದರೆ ಶಾಖ ಹುಚ್ಚು ಹಿಡಿದು ಏರಿಬಿಡುತ್ತದೆ. ಈ ಕಸುಬಿನವರು ಎಲ್ಲರೂ ಹಾಕುವ ಕಟ್ಟು ಅದು, ಕಣ್ಣು ಮುಚ್ಚಿ ಹಾಕುತ್ತಾರೆ. ಆದರೆ ಇದ್ದುದರ ಪಾಲು ಎಂದ ಮೇಲೆ, ಏನೂ ಇಲ್ಲದಲ್ಲಿ ಏನು ಹುಟ್ಟೀತು? ಅಂಚಿನಲ್ಲೂ ಇಲ್ಲ, ಒಳಗೂ ಇಲ್ಲ. ತಣ್ಣಗೆ ಖಾಲಿ ಬಿದ್ದ ಜಾಗವೂ ನೆಲೆಗೊಂಡ ಜಾಗವೇ. ಗುರುಗಳು, ತಾನು, ಅಚ್ಚು ಹಾಕಿದ ಪತ್ರಿಕೆಯವರು, ಎಲ್ಲರೂ ಸೇರಿ ಪುಟಗಟ್ಟಲೆ ಶ್ರಮಪಟ್ಟು ಹಿಡಿದು ತಂದದ್ದು ಆ ಖಾಲಿ ಜಾಗವನ್ನೇ ಇರಬಹುದು. "ಸರ, ಮುಂದ?" ಎಂದು ಯಾರೋ ಕೇಳಿದರು. ಅವನು ಅರ್ಧ ಬರೆದ ಸೊನ್ನೆಯನ್ನು ಅಂಗೈಯಿಂದ ಒರೆಸಿ, ಕ್ಲಾಸು ಬಿಟ್ಟುಬಿಟ್ಟ. ಶಾಹಿಸ್ತಾಳಿಗೆ ಏನೂ ಹೇಳಲಿಲ್ಲ. ಆ ಹುಡುಗಿ ಮುಂದಿನ ವರ್ಷ ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಂಡಳೆಂದು ಆಮೇಲೆ ಕೇಳಿದ.

"ಯಲ್ಲಾಲಿಂಗಾ, ಒಳಗ ಬಾ" ಎಂದು ಸದಾಶಿವ ಸರ್ ಕರೆದರು. ಅವನ ಮಾರ್ಗದರ್ಶಕರು. ಅವರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಬೈಯುತ್ತಾರೆಂದು ಅವನು ಗಟ್ಟಿಯಾಗಿ ನಿಂತುಕೊಂಡ, ಬೈದರೆ ಅರ್ಧ ಭಾರ ಇಳಿಯುತ್ತದೆ ಎಂದು ಆಸೆಯನ್ನೂ ಇಟ್ಟುಕೊಂಡ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ತಪ್ಪು ನಂದೋ ಯಪ್ಪಾ" ಎಂದರು. "ಕಣ್ಣಿನ ಆಪರೇಷನ್ ಆದ ಮ್ಯಾಲ ಅಕ್ಷರ ಕಾಣತಾವು, ಅಕ್ಷರದ ಹಿಂದಿಂದು ಕಾಣವಲ್ದು. ನೀ ಹುಡುಗ, ನನ್ನ ನಂಬಿದಿ. ನಾ ನೋಡಬೇಕಿತ್ತು. ಎಲ್ಲಾರ ಮುಂದ ನಿನ್ನ ಮಾರಿ ನೋಡಿ ನನಗ ನಾಚಿಕಿ ಬಂತು." ಅವನು ಏನಾದರೂ ಹೇಳಬೇಕಿತ್ತು. ಸರ್, ನಿಮ್ಮ ಕಣ್ಣಿನದಲ್ಲ ತಪ್ಪು ಎಂದು. ಮೇಜಿನ ಗಾಜಿನ ಕೆಳಗೆ ಅವರ ಮೊಮ್ಮಗಳ ಫೋಟೋ ಇತ್ತು, ಅದನ್ನು ನೋಡಿದ. ಸದಾಶಿವ ಸರ್ ಆಗಲೇ ದಾರಿ ಹುಡುಕಿಟ್ಟಿದ್ದರು. "ಪಾಲಿನ ಷರತ್ತು ಬಿಟ್ಟುಬಿಡು. ಏನೂ ಇಲ್ಲದ ಕಡೆನೂ ಸ್ವಲ್ಪ ಹುಟ್ಟತೈತಿ ಅಂತ ಒಂದು ಸಾಲು ಬರಿ. ಸೊನ್ನಿ ತಾನ ಹೊರಗ ಬೀಳತೈತಿ. ಥಿಯರಮ್ಮು ನಿಂತಿತು."

"ಅದು ಹಳೇ ಥಿಯರಮ್ಮು ಆಗತೈತಲ್ರಿ ಸರ. ಪುಸ್ತಕದಾಗಿಂದ."

"ಆಗ್ಲಿ. ಡಿಗ್ರಿಗೆ ಹಳೇದು ಹೊಸಾದು ಅಂತ ಇಲ್ಲ. ನಂದಕಿಶೋರಗೂ ಹೇಳೀನಿ, ಹೂಂ ಅಂದಾನ. ತಿದ್ದಿ ಕೊಟ್ರ ನೀ ಪಾಸು."

"ಕಾವ್ಯಾಂದು?"

ಸದಾಶಿವ ಸರ್ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಹೊರಗೆ ಯಾರೋ ಪ್ಲೇಟುಗಳನ್ನು ತೊಳೆಯುವ ಸದ್ದು. "ಆ ಹುಡುಗಿ ಪೂರಾ ನಿನ್ನ ಮ್ಯಾಲ ಕಟ್ಟ್ಯಾಳ" ಎಂದರು. "ಆ ಪಾಲಿನ ಷರತ್ತ ಇಲ್ಲದ ಅಕಿದು ಒಂದು ಸಾಲೂ ಮುಂದ ಸಾಗಂಗಿಲ್ಲ. ನೀ ಅದನ್ನ ತಗದ್ರ ಅಕಿ ಬೀಳ್ತಾಳ. ತಗೀದಿದ್ರ ಇಬ್ಬರೂ ಬೀಳ್ತೀರಿ. ಒಬ್ಬರರ ಉಳೀರಿ. ಅಕಿಗೆ ನಾ ತಿಳಿಸಿ ಹೇಳ್ತೀನಿ. ನಮ್ಮಿಬ್ಬರಿಗೂ ಗೊತ್ತಾಗಿರಲಿಲ್ಲ ತಂಗೀ ಅಂತ ಹೇಳ್ತೀನಿ. ಹೌದಲ್ಲೋ? ನಮಗೇನು ಗೊತ್ತಿತ್ತೇನು?"

"ಹೂಂ ರೀ ಸರ" ಎಂದ ಯಲ್ಲಾಲಿಂಗ.

ಹೊರಗೆ ಬಂದಾಗ ಕಾವ್ಯಾ ಆಟೋ ಕರೆಸಿ, ತೊಳೆದ ಡಬರಿ, ತಾಟುಗಳು, ಸೌಟು ಎಲ್ಲ ಹಾಕಿಸಿ ನಿಂತಿದ್ದಳು. ಅವಳ ಮನೆಯ ಪಾತ್ರೆ, ಅವತ್ತೇ ಅವನೇ ಮುಟ್ಟಿಸಿ ಬರಬೇಕು. "ನಾನೂ ಬರ್ತೇನ್ರಿ ಅಣ್ಣಾರ" ಎಂದು ಮುಂಜಾನೆ ಅವಳೇ ಹೇಳಿದ್ದಳು. ಮುಂಜಾನೆಯ ಆ ದನಿಯಲ್ಲಿ ಹಬ್ಬವಿತ್ತು. ಈಗ ಬೇಡವೆನ್ನುವುದು ಹೇಗೆ? ಇಬ್ಬರ ನಡುವೆ ಡಬರಿ ಕೂತಿತು. ಆಟೋ ತೊರವಿ ದಾಟಿ ವಿಜಯಪುರದ ಕಡೆ ಹೊರಟಿತು. ರಸ್ತೆಯ ಕುಣಿಗಳಿಗೆ ಸೌಟು ಡಬರಿಯೊಳಗೆ ಹೊಡೆದುಕೊಳ್ಳುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿಕೊಂಡು ಬಲಗೈ ಬೆರಳಿನಿಂದ ಎಡ ಅಂಗೈಯ ಮೇಲೆ ಏನೋ ಬರೆಯುತ್ತಿದ್ದಳು, ಅಳಿಸುತ್ತಿದ್ದಳು, ಮತ್ತೆ ಬರೆಯುತ್ತಿದ್ದಳು. ಏನು ಬರೆಯುತ್ತಿದ್ದಾಳೆಂದು ಅವನಿಗೆ ನೋಡದೆಯೇ ಗೊತ್ತಿತ್ತು. ಹೋದ ವರ್ಷ ಅವಳ ಸೆಮಿನಾರಿನಲ್ಲಿ ಅವನು ಮೊದಲ ಬೆಂಚಿನಲ್ಲಿ ಕೂತಿದ್ದ. ಯಲ್ಲಾಲಿಂಗ ಸರ್ ಪರಿಹಾರ ಇದೆ ಎಂದು ತೋರಿಸಿದ್ದಾರೆ, ಅದು ಒಂದೇ ಎಂದು ನಾನು ತೋರಿಸುತ್ತೇನೆ, ಎಂದು ಅವಳು ಶುರು ಮಾಡಿದ್ದಳು. ಎರಡು ಪರಿಹಾರ ಇವೆ ಅನ್ನಿ, ಒಂದರಲ್ಲಿ ಇನ್ನೊಂದನ್ನು ಕಳೆಯಿರಿ, ಪಾಲು ಸಣ್ಣದಿದ್ದರೆ ಉಳಿಯುವುದು ಸೊನ್ನೆ, ಹಾಗಾಗಿ ಎರಡೂ ಒಂದೇ. ಎಂಥ ಚೆಂದದ ಕೆಲಸ, ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ. ಅಷ್ಟು ಹೊತ್ತಿಗೆ ಅವನು ಎಷ್ಟೋ ತಿಂಗಳಿಂದ ಟಿಕೋಟಾದ ಶೆಡ್ಡಿನಲ್ಲಿ, ಹಂಗಾಮು ಮುಗಿದು ಖಾಲಿ ತೂಗುವ ಬಲೆಗಳ ಕೆಳಗೆ ಕೂತು, ಸೊನ್ನೆಯಲ್ಲದ ಇನ್ನೊಂದು ಪರಿಹಾರವನ್ನು ಹುಡುಕುತ್ತಿದ್ದ. ಸಿಕ್ಕರೆ ಸದ್ದಿಲ್ಲದೆ ಪ್ರಬಂಧದೊಳಗೆ ಸೇರಿಸಿಬಿಡುವುದು, ಯಾರಿಗೂ ಗೊತ್ತಾಗುವುದಿಲ್ಲ, ಪಾಪವೂ ಉಳಿಯುವುದಿಲ್ಲ, ಎಂದು. ಕಾವ್ಯಾ ಬೋರ್ಡಿನ ಮೇಲೆ ಎರಡು ಪರಿಹಾರ ಬರೆದಾಗ ಅವನ ತಲೆ ತಾನೇ ಎರಡನೆಯದರ ಜಾಗದಲ್ಲಿ ಸೊನ್ನೆ ಇಟ್ಟಿತು. ಸೊನ್ನೆ ಒಂದು ಪರಿಹಾರ, ಪರಿಹಾರ ಒಂದೇ, ಅಂದ ಮೇಲೆ ಸೊನ್ನೆ ಬಿಟ್ಟು ಬೇರೇನೂ ಇಲ್ಲ. ಶೆಡ್ಡಿನಲ್ಲಿ ಹುಡುಕಿದ್ದಷ್ಟೂ ಇಲ್ಲದ್ದರ ಹುಡುಕಾಟ. ಇಬ್ಬರೂ ಕೂಡಿ ಬಲು ನಿಖರವಾಗಿ ಕಟ್ಟಿದ ಮನೆಯೊಳಗೆ ಯಾರೂ ಇಲ್ಲ. ಅವಳು ತಿರುಗಿ, ಮೊದಲು ಅವನ ಮುಖವನ್ನೇ ನೋಡಿದ್ದಳು, ಸರಿಯೋ ತಪ್ಪೋ ಎಂದು. ಅವನು ಚಪ್ಪಾಳೆ ತಟ್ಟಿದ. ಎಲ್ಲರಿಗಿಂತ ಮೊದಲು ತಟ್ಟಿದವನು ಅವನೇ.

"ಎರಡನೇದಕ್ಕ ಸೊನ್ನಿ ಇಟ್ರ ಮೊದಲನೇದೂ ಸೊನ್ನಿ ಆಗತೈತಲ್ರಿ" ಎಂದಳು ಕಾವ್ಯಾ, ಅಂಗೈ ನೋಡುತ್ತಲೇ.

"ಹೂಂ."

"ಅಂದ್ರ ಅದೊಂದ ಐತಿ. ಬ್ಯಾರೆ ಇಲ್ಲ."

"ಹೂಂ."

"ಬ್ಯಾರೆ ಇಲ್ಲ ಅಂತ ನಾನ ತೋರಿಸೀನಿ." ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅವಳು ತಿರುಗಿ ಅವನನ್ನು ನೋಡಿದಳು, ಡಬರಿಯ ಮೇಲಿಂದ, ಬಹಳ ಹೊತ್ತು. ಅವನು ಹೊರಗೆ ನೋಡಿದ. ಒಂದು ಟಂಟಂ ಗಾಡಿ ತುಂಬ ಕನಮಡಿ ಕಡೆಯ ಹೆಣ್ಣುಮಕ್ಕಳು ಸಂತೆ ಮುಗಿಸಿ ಹೊರಟಿದ್ದರು, ಅವರಲ್ಲೊಬ್ಬಳು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಅವಳ ನಿದ್ದೆಯ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ತನಗೆ ನಿದ್ದೆ ಬಂದು ಎಷ್ಟು ಕಾಲವಾಯಿತು. ಯಾರ ಮೇಲೆ ಸಿಟ್ಟಾಗಬೇಕೆಂದೂ ತಿಳಿಯುತ್ತಿರಲಿಲ್ಲ. ನಂದಕಿಶೋರರ ಮೇಲೆ? ಅವರು ಇದ್ದದ್ದನ್ನು ಹೇಳಿದರು. ಸದಾಶಿವ ಸರ್ ಮೇಲೆ? ಅವರು ತಮ್ಮ ತಲೆಯ ಮೇಲೆ ಹೊತ್ತುಕೊಂಡರು. ಸಿಟ್ಟು ಇತ್ತು, ಕೆಂಡದಂತೆ ಇತ್ತು, ಅದನ್ನು ಇಡುವುದಕ್ಕೆ ಒಬ್ಬ ಮನುಷ್ಯ ಬೇಕಾಗಿತ್ತು. ಹುಡುಕುತ್ತ ಹೋದರೆ ಪ್ರತಿ ಸಲ ಅದೇ ಒಬ್ಬನ ಬಾಗಿಲಿಗೆ ಬಂದು ನಿಲ್ಲುತ್ತಿತ್ತು, ಆ ಒಬ್ಬ ಆಟೋದಲ್ಲಿ ಪಾತ್ರೆ ಹಿಡಿದು ಕೂತಿದ್ದ.

ಗಾಂಧಿ ಚೌಕದ ಗದ್ದಲದಲ್ಲಿ ಆಟೋ ಮುಂದೆ ಹೋಗದೆ ಬೆಲ್ಲದ ಅಂಗಡಿಗಳ ಸಾಲಿನ ತುದಿಗೇ ನಿಂತಿತು. ಕಾವ್ಯಾಳ ಅಪ್ಪ ಶಿವಶರಣಪ್ಪ ತಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ನೋಡಿ, ಧೋತರ ಎತ್ತಿ ಹಿಡಿದು, ಗಿರಾಕಿಗಳ ನಡುವೆ ದಾರಿ ಮಾಡಿಕೊಂಡು ಓಡಿಬಂದರು. "ಬರ್ರಿ, ಬರ್ರಿ ಯಲ್ಲಾಲಿಂಗಪ್ಪಾರ! ನೀವ್ಯಾಕ ಹೊತ್ತೀರಿ ಡಬರಿ, ಡಾಕ್ಟರ್ ಆದವ್ರು! ಇಡ್ರಿ ಕೆಳಗ. ಏ ಗುರಲಿಂಗಪ್ಪಾ, ಚಾ ಹೇಳೋ, ಸ್ಪೆಷಲ್ ಹೇಳು." ಲೆಕ್ಕ ಬರೆಯುತ್ತಿದ್ದ ಗುರಲಿಂಗಪ್ಪ ಪೆನ್ನು ಕಿವಿಗೆ ಸಿಕ್ಕಿಸಿ ಎದ್ದ. ಬೆಲ್ಲದ ಪೆಂಟೆಗಳ ಸಿಹಿ ಘಾಟು ಮೂಗಿಗೆ ಬಡಿಯಿತು. ಗೋಡೆಯ ಮೇಲೆ ಬಸವಣ್ಣನ ಪಟದ ಪಕ್ಕದಲ್ಲಿ, ಅಷ್ಟೇ ದೊಡ್ಡ ಚೌಕಟ್ಟಿನಲ್ಲಿ, ಕಾವ್ಯಾಳ ಲೇಖನದ ಮೊದಲ ಪುಟ ತೂಗುತ್ತಿತ್ತು. ಅದಕ್ಕೂ ಒಂದು ಹೂವು ಏರಿಸಿದ್ದರು. ಶಿವಶರಣಪ್ಪ ಬೆಲ್ಲ ಕೊಳ್ಳಲು ಬಂದು ಕೂತ ಇಬ್ಬರು ಗಿರಾಕಿಗಳಿಗೆ ಅದನ್ನು ತೋರಿಸಿ, "ಇದರಾಗ ಕೆಳಗ ಸಣ್ಣ ಅಕ್ಷರದಾಗ ಹೆಸರೈತಿ ನೋಡ್ರಿ, ಅವ್ರ ಇವ್ರು. ಇವ್ರು ಬುನಾದಿ ಹಾಕ್ಯಾರ, ನಮ್ಮಾಕಿ ಮ್ಯಾಲ ಮಾಳಗಿ ಕಟ್ಟ್ಯಾಳ. ಏನ್ರೀ, ಹೆಂಗಾತು? ಎಲ್ಲಾರೂ ಭೇಷ್ ಅಂದ್ರೇನು? ಶಿರಾ ಸಾಲ್ತೋ ಇಲ್ಲೋ?" ಎಂದರು.

"ಸಾಲ್ತ್ರಿ" ಎಂದ ಯಲ್ಲಾಲಿಂಗ. "ಎಲ್ಲಾರೂ ಹೊಗಳಿದ್ರು, ಶಿರಾನ."

ಗಿರಾಕಿಯೊಬ್ಬ ಸರಿದು ಕೂತು ಅವನಿಗೆ ಜಾಗ ಮಾಡಿಕೊಟ್ಟ. ಅವನು ಕೂಡಲಿಲ್ಲ. ಕಾವ್ಯಾ ತಾಟುಗಳನ್ನು ಒಂದರ ಮೇಲೊಂದು ಜೋಡಿಸಿ ಒಳಗಿನ ಮೆಟ್ಟಿಲ ಮೇಲಿಟ್ಟು ಬಂದಳು, ಬಂದು ಅಪ್ಪನ ಪಕ್ಕ ನಿಂತಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

"ಅಣ್ಣಾರ, ಆಟೋದಾಗ ನಾ ಕೇಳಿದ್ನಲ್ರಿ. ಸೊನ್ನಿ ಇಟ್ರ ಎರಡೂ ಸೊನ್ನಿ ಅಂತ. ಅದು ತಿಳ್ಕೊಳಾಕ ನನಗ ತೊರವಿಯಿಂದ ಊರತನ ದಾರಿ ಬೇಕಾತು. ನೀವು ಯೋಚನೇನೂ ಮಾಡ್ಲಿಲ್ಲ. ಹೂಂ ಅಂದ್ರಿ."

"ಏನದು ಬೇ?" ಎಂದರು ಶಿವಶರಣಪ್ಪ, ನಗುತ್ತಲೇ.

"ತಡೀ ಅಪ್ಪಾ." ಅವಳು ಅವನನ್ನೇ ನೋಡುತ್ತಿದ್ದಳು. ದನಿ ಏರಿಸಿರಲಿಲ್ಲ, ಆದರೆ ಗಿರಾಕಿಗಳು ಬೆಲ್ಲ ಒಡೆಯುವುದನ್ನು ನೋಡುವುದು ಬಿಟ್ಟು ಈ ಕಡೆ ತಿರುಗಿದ್ದರು. "ನಾ ಬೋರ್ಡಿನ ಮ್ಯಾಲ ಬರದಾಗ ನಿಮಗ ಗೊತ್ತಿತ್ತೇನ್ರಿ? ನೀವು ಚಪ್ಪಾಳಿ ಹೊಡದ್ರಲ್ಲ, ಆವಾಗ?"

ಬೀದಿಯಲ್ಲಿ ಕೈಗಾಡಿಯೊಂದು ಸಿಕ್ಕಿಬಿದ್ದು ಹಿಂದಿನ ಆಟೋಗಳೆಲ್ಲ ಹಾರ್ನು ಹೊಡೆಯುತ್ತಿದ್ದವು. ಇಲ್ಲ ಎಂಬುದು ಎರಡಕ್ಷರ. ಹೌದು ಎಂಬುದೂ ಎರಡಕ್ಷರ. ಇಲ್ಲ ಅಂದರೆ ಎಮ್ಮೆಯಾಗುತ್ತೇನೆ, ಎಮ್ಮೆಯಾಗುವುದು ಇಷ್ಟು ಸುಖದ್ದೆಂದು ಮುಂಜಾನೆ ತಿಳಿದಿರಲಿಲ್ಲ. ಎಮ್ಮೆಯಾದರೆ ಸದಾಶಿವ ಸರ್ ಹಾಗೆ ತಲೆ ತಗ್ಗಿಸಿ ಇವಳ ಪಕ್ಕ ಕೂತು, ಹೊಸದಾಗಿ ಏನಾದರೂ ಹುಡುಕೋಣ ತಂಗೀ ಎನ್ನಬಹುದು. ಹೌದು ಅಂದರೆ ಈ ಹುಡುಗಿಗೆ ತನ್ನ ಕಳೆದ ವರ್ಷ ಯಾರ ಕೈಯಲ್ಲಿ ಹೋಯಿತೆಂದು ಗೊತ್ತಾಗುತ್ತದೆ, ಅಷ್ಟಾದರೂ ಅವಳಿಗೆ ಸಲ್ಲಬೇಕಾದದ್ದು. ಶಿವಶರಣಪ್ಪನವರ ನಗು ಮುಖದ ಮೇಲೆ ಇನ್ನೂ ಇತ್ತು, ಮಾಲೀಕ ಹೋದ ಮೇಲೂ ಉರಿಯುವ ದೀಪದ ಹಾಗೆ. ಅವನು ಬಾಯಿ ತೆರೆದ.

"ಇಲ್ಲ ಅಂತ ಒಂದು ಮಾತು ಅನ್ರಿ" ಎಂದಳು ಕಾವ್ಯಾ. ಈಗ ಅವಳ ದನಿ ಸಣ್ಣಗಾಗಿತ್ತು, ಬೇಡುವವರ ದನಿ. "ನಾ ನಂಬತೇನಿ. ಖರೇನ ನಂಬತೇನ್ರಿ."

ಅವಳು ನಂಬುತ್ತಾಳೆ, ಅದು ಅವನಿಗೆ ಗೊತ್ತಿತ್ತು. ಅವನ ಚಪ್ಪಾಳೆಯನ್ನು ನಂಬಿದವಳು ಇದನ್ನೂ ನಂಬುತ್ತಾಳೆ. ಅವನು ತೆರೆದ ಬಾಯಿ ಮುಚ್ಚಿದ. ಅಂಗಡಿಯ ಕಲ್ಲು ಮೆಟ್ಟಿಲಿನಿಂದ ಒಂದು ಕಾಲು ಕೆಳಗಿಟ್ಟ, ಇನ್ನೊಂದನ್ನೂ ಇಟ್ಟ. ಚಪ್ಪಲಿಗೆ ಬೆಲ್ಲ ಅಂಟಿ ಹೆಜ್ಜೆ ಹೆಜ್ಜೆಗೂ ನೆಲ ಹಿಡಿಯುತ್ತಿತ್ತು.

"ಚಾ ಬಂತ್ರೀ, ಎಲ್ಲಿ ಹೊಂಟ್ರಿ? ಕುಡದು ಹೋಗ್ರಲಾ" ಎಂದು ಶಿವಶರಣಪ್ಪ ಕೂಗಿದರು, ಆಮೇಲೆ ಬೇರೆ ದನಿಯಲ್ಲಿ, "ಏನಾತವ್ವಾ? ಏನಂದ್ರು ಅವ್ರು?" ಎಂದು ಮಗಳನ್ನು ಕೇಳಿದ್ದು ಕೇಳಿಸಿತು. ಮಗಳು ಏನು ಹೇಳಿದಳೋ ಕೇಳಿಸಲಿಲ್ಲ. ಕೈಗಾಡಿ ಬಿಡಿಸಿಕೊಂಡಿತ್ತು, ಜನ ನುಗ್ಗುತ್ತಿದ್ದರು, ಒಬ್ಬ ಆಟೋದವನು ಅವನ ಪಕ್ಕಕ್ಕೇ ತಂದು ನಿಧಾನ ಮಾಡಿ, "ಎಲ್ಲಿಗ್ರೀ ಯಪ್ಪಾ? ಸ್ಟ್ಯಾಂಡಿಗೇನು?" ಎಂದ. ಯಲ್ಲಾಲಿಂಗ ಅವನನ್ನೂ ದಾಟಿ ನಡೆದ. ಕಾವ್ಯಾ ಹಿಂದಿನಿಂದ ಕೂಗಲಿಲ್ಲ. ಕೂಗಿದ್ದರೆ ನಿಲ್ಲುತ್ತಿದ್ದೆ ಎಂದು ಅಂದುಕೊಂಡ. ಅದು ಸುಳ್ಳೆಂದು ಅವನ ಕಾಲಿಗೆ ಗೊತ್ತಿತ್ತು, ಅದು ನಿಲ್ಲಲಿಲ್ಲ.